ಹಳೆಯ ಜಪಾನಿ ಜಾಝ್ ಬೇಸ್ ದುರಸ್ತಿ: ಹಂತ ಹಂತದ ಟಿಪ್ಪಣಿ

ಬೆಂಚಿಗೆ ಬಂದದ್ದು ಜಪಾನಿ ತಯಾರಿಕೆಯ ನಾಲ್ಕು ತಂತಿಯ ಬೇಸ್ ಗಿಟಾರ್. ನೆಕ್ (ವಾದ್ಯದ ಉದ್ದನೆಯ ಕುತ್ತಿಗೆ) ಬುಡದ ಮುದ್ರೆಯ ಪ್ರಕಾರ 1978ರದು. ಆಕಾರ ಫೆಂಡರ್ ಜಾಝ್ ಬೇಸ್‌ನದು: 34 ಇಂಚಿನ ಸ್ಕೇಲ್ (ತಂತಿಯ ನುಡಿಯುವ ಉದ್ದ), 20 ಫ್ರೆಟ್ (ಬೆರಳು ಒತ್ತುವ ಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿ), ಮೇಪಲ್ ನೆಕ್, ಬೀಟೆಯ ಫ್ರೆಟ್‌ಬೋರ್ಡ್, ಎರಡು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತ ಮತ್ತು ಸುರುಳಿ), ಎರಡು ವಾಲ್ಯೂಮ್, ಒಂದು ಟೋನ್. ತೂಕ 4.3 ಕೆ.ಜಿ. ಹೆಡ್‌ಸ್ಟಾಕ್ (ನೆಕ್ಕಿನ ತಲೆ) ಮೇಲಿನ ಹೆಸರನ್ನು ಯಾರೋ ಕೆರೆದು ತೆಗೆದಿದ್ದಾರೆ.

ದೂರುಗಳು ನಾಲ್ಕು. ತಂತಿ ತುಂಬ ಎತ್ತರದಲ್ಲಿದೆ. ಅಷ್ಟಿದ್ದರೂ 14ನೇ ಫ್ರೆಟ್ಟಿನಿಂದ ಆಚೆ ತಂತಿ ಫ್ರೆಟ್ಟಿಗೆ ತಾಗಿ ಝರ್ ಎನ್ನುತ್ತದೆ. ಜಿ ತಂತಿ (ನಾಲ್ಕರಲ್ಲಿ ಅತಿ ತೆಳುವಾದದ್ದು) ಬೋರ್ಡಿನ ಅಂಚಿನಿಂದ ಜಾರಿಹೋಗುತ್ತದೆ. ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿಯುವ ಭಾಗ) ಬಳಿಯ ಪಿಕಪ್ ಸತ್ತಿದೆ.

ಹಳೆಯ ಬೇಸ್ ಕೈಗೆ ಬಂದಾಗ ಹೆಚ್ಚಿನವರು ಮೊದಲು ನೋಡುವುದು ಬಣ್ಣವನ್ನು, ಆಮೇಲೆ ಹೆಡ್‌ಸ್ಟಾಕಿನ ಹೆಸರನ್ನು. ಮಾಡಿದವನ ಕೈಗೆಲಸ ಗೊತ್ತಾಗುವುದು ನೆಕ್ ಪಾಕೆಟ್ಟಿನೊಳಗೆ (ಬಾಡಿಯಲ್ಲಿ ನೆಕ್ ಕೂರುವ ಗುಂಡಿ), ಫ್ರೆಟ್ಟಿನ ತುದಿಗಳಲ್ಲಿ, ಕಂಟ್ರೋಲ್ ಪ್ಲೇಟಿನ ಅಡಿಯಲ್ಲಿ. ಹಣ ಖರ್ಚು ಮಾಡಬೇಕೇ ಬೇಡವೇ ಎಂಬುದನ್ನು ಈ ಮೂರು ಜಾಗ ನೋಡಿಯೇ ತೀರ್ಮಾನಿಸಬೇಕು.

ಹಂತ 1: ಬಿಚ್ಚುವ ಮೊದಲು ಅಳತೆ

ತಂತಿ ಬಿಗಿದಿರುವಾಗಲೇ ಅಳೆದು ಬರೆದಿಟ್ಟುಕೊಳ್ಳಬೇಕು. 45-105 ಸೆಟ್ಟಿನ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ನಾಲ್ಕು ತಂತಿಗಳು ಸೇರಿ ನೆಕ್ಕನ್ನು ಸುಮಾರು 80 ಕೆ.ಜಿ.ಯಷ್ಟು ಎಳೆಯುತ್ತವೆ. ಆ ಎಳೆತ ಇಲ್ಲದಿದ್ದಾಗ ಕಾಣುವ ನೆಕ್ಕೇ ಬೇರೆ.

ಮೊದಲ ಫ್ರೆಟ್ಟಿಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ಟಿನಲ್ಲಿ ಅತಿ ದಪ್ಪದ ಇ ತಂತಿ ಒತ್ತಿ ಹಿಡಿದು, 8ನೇ ಫ್ರೆಟ್ಟಿನ ಮೇಲೆ ಫೀಲರ್ ಗೇಜ್ ತೂರಿಸಿದಾಗ ಸಿಕ್ಕ ಅಂತರ 1.1 ಮಿ.ಮೀ. ಇರಬೇಕಾದದ್ದು 0.3ರಿಂದ 0.35. 17ನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರ ಇ ಕಡೆ 4.2, ಜಿ ಕಡೆ 3.6 ಮಿ.ಮೀ. ಬ್ರಿಡ್ಜಿನ ನಾಲ್ಕೂ ಸ್ಯಾಡಲ್ (ತಂತಿ ಕೂರುವ, ಏರಿಸಿ ಇಳಿಸಬಹುದಾದ ತುಂಡು) ಆಗಲೇ ತಳ ಮುಟ್ಟಿವೆ, ಇನ್ನು ಇಳಿಸಲು ಜಾಗವಿಲ್ಲ.

ಮುಂದಿನದು ಫ್ರೆಟ್ಟುಗಳ ಸ್ಥಾನ. ಉಕ್ಕಿನ ಅಳತೆಪಟ್ಟಿಯನ್ನು ನಟ್ಟಿಗೆ (ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಒತ್ತಿಟ್ಟು ಓದಬೇಕು. 863.6 ಮಿ.ಮೀ. ಸ್ಕೇಲಿಗೆ 1ನೇ ಫ್ರೆಟ್ 48.5, 5ನೆಯದು 216.6, 7ನೆಯದು 287.2, 12ನೆಯದು 431.8, 20ನೆಯದು 591.6 ಮಿ.ಮೀ.ನಲ್ಲಿ ಕೂರಬೇಕು. ಇದರಲ್ಲಿ ಎಲ್ಲವೂ 0.2 ಮಿ.ಮೀ. ಒಳಗೇ ಇದ್ದವು. ಫ್ರೆಟ್ಟಿನ ಗಾಡಿಯನ್ನೇ (ಫ್ರೆಟ್ ಕೂರುವ ಸೀಳು) ತಪ್ಪು ಜಾಗದಲ್ಲಿ ಕೊಯ್ದಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸುವುದು ಒಳ್ಳೆಯದು. ಅಂಥ ಬೇಸ್ ಬ್ರಿಡ್ಜ್ ಎಷ್ಟು ತಿರುಗಿಸಿದರೂ ಶ್ರುತಿಗೆ ನಿಲ್ಲುವುದಿಲ್ಲ.

ಹಂತ 2: ಬಿಚ್ಚಿದಾಗ ಕಂಡದ್ದು

ನೆಕ್ಕಿನ ನಾಲ್ಕು ಸ್ಕ್ರೂಗಳಲ್ಲಿ ಎರಡು ಸುಮ್ಮನೆ ಸುತ್ತುತ್ತಿದ್ದವು. ರಂಧ್ರಗಳಲ್ಲಿ ಹಲ್ಲುಕಡ್ಡಿ ತುಂಬಿ ಸೂಪರ್ ಗ್ಲೂ ಸುರಿದಿದ್ದಾರೆ. ಪಾಕೆಟ್ಟಿನ ಬ್ರಿಡ್ಜ್ ಕಡೆಯ ತುದಿಯಲ್ಲಿ, ಮಡಚಿದ ವಿಸಿಟಿಂಗ್ ಕಾರ್ಡಿನ 15 ಮಿ.ಮೀ. ಅಗಲದ ಪಟ್ಟಿ. ನೆಕ್ಕಿನ ಬುಡವನ್ನು ಓರೆ ಬೆಳಕಿಗೆ ಹಿಡಿದರೆ ಕಥೆ ಪೂರ್ತಿ ಕಾಣುತ್ತದೆ: ಕಾರ್ಡ್ ಇದ್ದ ಕಡೆ ಒಂದು ಹೊಳೆಯುವ ಗೆರೆ, ಪಾಕೆಟ್ಟಿನ ಬಾಯಿಯ ಕಡೆ ಇನ್ನೊಂದು, ನಡುವಿನ ಅಷ್ಟೂ ಮರ ಮಂಕು. ನೆಕ್ ಎರಡು ಗೆರೆಗಳ ಮೇಲೆ ಮಾತ್ರ ನಿಂತಿತ್ತು. ನಡುವೆ ಪೊಳ್ಳು, ಆ ಪೊಳ್ಳಿನತ್ತ ಸ್ಕ್ರೂಗಳ ಎಳೆತ, ಅದೂ ವರ್ಷಗಟ್ಟಲೆ. 15ನೇ ಫ್ರೆಟ್ಟಿನಿಂದ ಬೋರ್ಡ್ ಮೇಲಕ್ಕೆ ಎದ್ದಿರುವುದಕ್ಕೆ ಇಲ್ಲಿ ಕಾರಣವಿದೆ.

ಮೂಲ ಕೆಲಸ ಮಾತ್ರ ಚೆನ್ನಾಗಿದೆ. ಪಾಕೆಟ್ಟಿನ ಗೋಡೆಗೂ ನೆಕ್ಕಿಗೂ ನಡುವೆ 0.3 ಮಿ.ಮೀ. ದಪ್ಪದ ಕಾರ್ಡ್ ಹೋಗುವುದಿಲ್ಲ. ತಳ ಸಮತಟ್ಟಾಗಿದೆ, ಬಣ್ಣದ ಗಂಟುಗಳಿಲ್ಲ. ಪಿಕಪ್ ಗುಂಡಿಯ ಗೋಡೆಯಲ್ಲಿ ಮರದ ಎಳೆ ಒಂದೇ ದಿಕ್ಕಿಗೆ ಓಡುತ್ತದೆ, ಅಂದರೆ ಬಾಡಿ ಇಡೀ ಮರದ್ದು. ಆ ದಶಕದ ಮೊದಲ ವರ್ಷಗಳ ಎಷ್ಟೋ ಜಪಾನಿ ನಕಲುಗಳ ಬಾಡಿ ಪ್ಲೈವುಡ್. ಮೇಲಿನಿಂದ ನೋಡಿದರೆ ಗೊತ್ತಾಗದು, ಗುಂಡಿಯ ಗೋಡೆಯಲ್ಲಿ ಪದರಗಳು ಎಣಿಸಲು ಸಿಗುತ್ತವೆ.

ಮಾರುಕಟ್ಟೆಯಲ್ಲಿ ಇಂಥ ವಾದ್ಯಗಳನ್ನು ‘ಲಾಸೂಟ್’ (ದಾವೆ) ಕಾಲದವು ಎಂದು ಕರೆದು ಬೆಲೆ ಏರಿಸುತ್ತಾರೆ. 1977ರಲ್ಲಿ ಅಮೆರಿಕದಲ್ಲಿ ಗಿಬ್ಸನ್‌ನ ಮಾತೃಸಂಸ್ಥೆ ನಾರ್ಲಿನ್ ಹೂಡಿದ ದಾವೆ ಐಬನೀಜ್ ವಿತರಕರಾದ ಎಲ್ಗರ್ ಮೇಲೆ, ಅದೂ ಹೆಡ್‌ಸ್ಟಾಕಿನ ಆಕಾರದ ಬಗ್ಗೆ. ಫೆಂಡರ್ ಆಕಾರದ ಬೇಸಿಗೆ ಅದರಿಂದ ಯಾವ ಗುಣವೂ ಬರುವುದಿಲ್ಲ. ಆ ಹೆಸರಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಅಮೆರಿಕನ್ ಫೆಂಡರ್ ಎಂದು ಹೇಳಿ ತಂದವುಗಳಿಗೆ ಇನ್ನೊಂದು ಪರೀಕ್ಷೆ ಇದೆ. ಪಾಟ್‌ಗಳ (ವಾಲ್ಯೂಮ್, ಟೋನ್ ಗುಬ್ಬಿಗಳ ಅಡಿಯ ಪೊಟೆನ್ಶಿಯೊಮೀಟರ್) ಬೆನ್ನ ಮೇಲೆ ತಯಾರಕರನ್ನು ಹೇಳುವ ಅಂಕೆಗಳಿರುತ್ತವೆ; 137 ಎಂದರೆ ಸಿಟಿಎಸ್, 304 ಎಂದರೆ ಸ್ಟ್ಯಾಕ್‌ಪೋಲ್, ಆಮೇಲಿನವು ವರ್ಷ ಮತ್ತು ವಾರ. ಬೇಸ್ ಪಾಟ್‌ಗಿಂತ ಹಳೆಯದಾಗಿರಲಾರದು, ಪಾಟ್ ಬದಲಾಯಿಸಿದ್ದರೆ ಮಾತ್ರ ಬೇರೆ. ಪಾಟ್ ಬದಲಾಗಿದೆಯೇ ಎಂಬುದನ್ನು ಬೆಸುಗೆಯ ಹೊಳಪೇ ಹೇಳುತ್ತದೆ.

ಹಂತ 3: ಟ್ರಸ್ ರಾಡ್

ಟ್ರಸ್ ರಾಡ್ ಎಂದರೆ ನೆಕ್ಕಿನೊಳಗೆ ಉದ್ದಕ್ಕೂ ಓಡುವ, ಬಾಗು ಸರಿಪಡಿಸುವ ಉಕ್ಕಿನ ಸರಳು. ಅದನ್ನು ಬಿಗಿಯುವ ನಟ್ (ತಂತಿಗಳ ನಟ್ ಅಲ್ಲ) ಇದರಲ್ಲಿ ಇರುವುದು ನೆಕ್ಕಿನ ಬುಡದಲ್ಲಿ, ಅಡ್ಡ-ಉದ್ದ ಗಾಡಿಯ ಹಳೆಯ ನಮೂನೆ. ತಿರುಗಿಸಬೇಕೆಂದರೆ ಪ್ರತಿ ಸಲವೂ ನೆಕ್ ಬಿಚ್ಚಬೇಕು. ಪ್ರದಕ್ಷಿಣವಾಗಿ ಕಾಲು ಸುತ್ತು ಕೊಟ್ಟಾಗ ನಟ್ ನಿಂತುಬಿಟ್ಟಿತು, ನೆಕ್ಕಿನ ಬಾಗು ಹಾಗೇ ಇತ್ತು. ಇಲ್ಲಿ ಬಲ ಹಾಕಿದರೆ ರಾಡ್ ತುಂಡಾಗುತ್ತದೆ, ಇಲ್ಲವೇ ಗಾಡಿ ಹರಿದುಹೋಗುತ್ತದೆ. ಎರಡಕ್ಕೂ ಮದ್ದು ಎಂದರೆ ಫ್ರೆಟ್‌ಬೋರ್ಡ್ ಎಬ್ಬಿಸುವುದು.

ನಟ್ಟನ್ನು ಪೂರ್ತಿ ಹೊರತೆಗೆದು ನೋಡಿದರೆ ಥ್ರೆಡ್ ಮುಗಿದಿದೆ, ರಾಡ್ ಸರಿಯಾಗಿಯೇ ಇದೆ. ಥ್ರೆಡ್ಡನ್ನು ಬ್ರಷ್‌ನಿಂದ ಉಜ್ಜಿ, ಚಿಟಿಕೆ ಗ್ರೀಸ್ ಸವರಿ, ಒಟ್ಟು 1.5 ಮಿ.ಮೀ. ದಪ್ಪಕ್ಕೆ ಎರಡು ಉಕ್ಕಿನ ವಾಷರ್ ಕೂಡಿಸಿದ್ದಾಯಿತು.

ಆದರೂ ನೆಕ್ಕನ್ನು ರಾಡಿನಿಂದಲೇ ಎಳೆಸಬಾರದು. 60 ಸೆಂ.ಮೀ. ಉದ್ದದ ಚೌಕಾಕಾರದ ಕಬ್ಬಿಣದ ಪೈಪನ್ನು ಫ್ರೆಟ್‌ಬೋರ್ಡಿನ ಮೇಲಿಟ್ಟು, 1ನೇ ಮತ್ತು 20ನೇ ಫ್ರೆಟ್ಟಿನ ಬಳಿ ಎರಡು ಮರದ ತುಂಡು ಕೊಟ್ಟು, 8ನೇ ಫ್ರೆಟ್ಟಿನ ಹಿಂದಿನಿಂದ ಸಿ-ಕ್ಲ್ಯಾಂಪ್ ಹಾಕಿ ನಿಧಾನವಾಗಿ ಬಿಗಿದಾಗ ನೆಕ್ಕಿನ ನಡುಭಾಗ ಪೈಪಿನತ್ತ ಬರುತ್ತದೆ. ನೇರವನ್ನು ದಾಟಿ ಇನ್ನೊಂದು ಮಿ.ಮೀ. ಬರುವವರೆಗೆ ಬಿಗಿದು, ಆ ಸ್ಥಿತಿಯಲ್ಲಿ ರಾಡ್ ನಟ್ಟನ್ನು ಹಿಡಿತ ಸಿಗುವವರೆಗೆ ಮಾತ್ರ ತಿರುಗಿಸಿ, ರಾತ್ರಿಯಿಡೀ ಹಾಗೇ ಬಿಡಬೇಕು. ಕ್ಲ್ಯಾಂಪ್ ತೆಗೆದಾಗ ನೆಕ್ ತಂತಿಯಿಲ್ಲದೆ ನೇರವಾಗಿ ನಿಂತಿತು, ನಟ್ಟಿನಲ್ಲಿ ಇನ್ನೂ ಅರ್ಧ ಸುತ್ತು ಉಳಿಯಿತು.

ಹಂತ 4: ಸ್ಕ್ರೂ ರಂಧ್ರ ಮತ್ತು ಶಿಮ್

ಹಲ್ಲುಕಡ್ಡಿ ತುಂಬುವುದು ಅಡುಗೆಮನೆಯ ಬಾಗಿಲಿನ ಕೀಲಿಗೆ ಸಾಕು, ಇಷ್ಟು ಎಳೆತಕ್ಕೆ ಸಾಲದು. ನಾಲ್ಕೂ ರಂಧ್ರಗಳನ್ನು 8 ಮಿ.ಮೀ.ಗೆ ಕೊರೆದು ಮೇಪಲ್ ಬೆಣೆ ಹಾಕಬೇಕು. ಅಂಗಡಿಯಲ್ಲಿ ಸಿಗುವ ದುಂಡನೆಯ ಡೋವೆಲ್ ಬೇಡ. ಅದರ ಎಳೆ ಉದ್ದಕ್ಕೆ ಓಡುವುದರಿಂದ ಸ್ಕ್ರೂ ಎಳೆಯ ಕೊನೆಗೇ ಕಚ್ಚುತ್ತದೆ, ಬೇಗ ಸಡಿಲವಾಗುತ್ತದೆ. ಮೇಪಲ್ ಹಲಗೆಯ ಮುಖದಿಂದ ಪ್ಲಗ್ ಕಟರ್‌ನಲ್ಲಿ ಕೊಯ್ದ ಬೆಣೆಯನ್ನು, ಅದರ ಎಳೆ ನೆಕ್ಕಿನ ಎಳೆಯ ದಿಕ್ಕಿಗೇ ಬರುವಂತೆ ಕೂಡಿಸಿದರೆ ಸ್ಕ್ರೂ ಹೊಸ ಮರದಲ್ಲಿ ಕಚ್ಚಿದಂತೆಯೇ ಕಚ್ಚುತ್ತದೆ. ಕೊರೆಯುವ ಮೊದಲು ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತಿಸಿ. ನೆಕ್ಕಿನ ಬುಡ ಸುಮಾರು 25 ಮಿ.ಮೀ. ದಪ್ಪ, ತಪ್ಪಿದರೆ ಬಿಟ್ ಬೋರ್ಡ್ ಸೀಳಿ ಹೊರಬರುತ್ತದೆ. ಮರದ ಗೋಂದು ಹಚ್ಚಿ ಒಂದು ದಿನ ಒಣಗಿಸಿ, 3.2 ಮಿ.ಮೀ. ಪೈಲಟ್ ರಂಧ್ರ. ಬಾಡಿಯ ಕಡೆಯ ರಂಧ್ರದಲ್ಲಿ ಸ್ಕ್ರೂ ಕಚ್ಚದೆ ಸಲೀಸಾಗಿ ಜಾರಬೇಕು. ಎರಡೂ ಕಡೆ ಕಚ್ಚಿದರೆ ನೆಕ್ ಪಾಕೆಟ್ಟಿಗೆ ಕೂರುವುದೇ ಇಲ್ಲ.

ಶಿಮ್ (ನೆಕ್ಕಿನ ಅಡಿಗೆ ಕೊಡುವ ತೆಳು ತುಂಡು) ಬೇಕೇ ಬೇಕು, ಏಕೆಂದರೆ ಸ್ಯಾಡಲ್‌ಗಳು ತಳ ಮುಟ್ಟಿವೆ. ಆದರೆ ಪಾಕೆಟ್ಟಿನ ಇಡೀ ತಳಕ್ಕೆ ಕೂರುವ ಓರೆ ಶಿಮ್ ಆಗಬೇಕು. ಪಾಕೆಟ್ಟಿನ ಉದ್ದ 95 ಮಿ.ಮೀ.; 0.5 ಡಿಗ್ರಿಗೆ ದಪ್ಪ ತುದಿ 0.8 ಮಿ.ಮೀ., ಇನ್ನೊಂದು ತುದಿ ಸೊನ್ನೆ. ದಪ್ಪ ತುದಿ ಬ್ರಿಡ್ಜ್ ಕಡೆಗೆ. ಇಷ್ಟು ಓರೆಯಿಂದ ಬ್ರಿಡ್ಜ್ ಬಳಿ ಸುಮಾರು 3 ಮಿ.ಮೀ. ಜಾಗ ಸಿಗುತ್ತದೆ. 1 ಮಿ.ಮೀ. ಮೇಪಲ್ ವೆನಿರನ್ನು ಎರಡು ಮುಖದ ಟೇಪಿನಿಂದ ಓರೆ ಹಲಗೆಗೆ ಅಂಟಿಸಿ 120ರ ಸ್ಯಾಂಡ್‌ಪೇಪರ್ ಕಟ್ಟಿದ ಗಟ್ಟಿ ದಿಮ್ಮಿಯಿಂದ ಉಜ್ಜಿದರೆ ಸಿದ್ಧ. ಮೊದಲು ಮಾಡಿದ್ದು ತೇಗದ ವೆನಿರಿನಲ್ಲಿ. ತೆಳು ತುದಿ ನಾರುನಾರಾಗಿ ಒಡೆಯಿತು. ಮೇಪಲ್ ಒಡೆಯಲಿಲ್ಲ.

ಬಿಗಿಯುವಾಗ ನಾಲ್ಕು ಸ್ಕ್ರೂಗಳನ್ನೂ ಪೂರ್ತಿ ಬಿಗಿಯದೆ ಕಾಲು ಸುತ್ತು ಬಾಕಿ ಬಿಟ್ಟು, ಹೊರಗಿನ ಎರಡು ತಂತಿ ಮಾತ್ರ ಹಾಕಿ, ಎರಡೂ ಬೋರ್ಡಿನ ಅಂಚಿನಿಂದ ಸಮ ದೂರಕ್ಕೆ ಬರುವಂತೆ ನೆಕ್ಕನ್ನು ಕೈಯಿಂದ ಒತ್ತಿ ಆಮೇಲೆ ಬಿಗಿಯಬೇಕು. ಜಿ ತಂತಿ ಜಾರುವ ದೂರು ಇಲ್ಲೇ ಮುಗಿಯಿತು.

ಹಂತ 5: ಫ್ರೆಟ್

ಮೂಲ ಫ್ರೆಟ್ಟಿನ ಎತ್ತರ 1.1 ಮಿ.ಮೀ. ಇದ್ದಿರಬೇಕು, ಸವೆಯದ 19ನೆಯದರಲ್ಲಿ ಅಷ್ಟಿದೆ. 2ರಿಂದ 7ರವರೆಗೆ ಇ ಮತ್ತು ಎ ತಂತಿಯ ಅಡಿ 0.15 ಮಿ.ಮೀ. ಆಳದ ಗುಳಿಗಳು. ನೆಲಸಮ ಮಾಡಿದ ಮೇಲೂ 0.85 ಉಳಿಯುವ ಲೆಕ್ಕ. 0.6ಕ್ಕಿಂತ ಕೆಳಗೆ ಹೋಗುವುದಾದರೆ ಹೊಸ ಫ್ರೆಟ್ ಹಾಕುವುದೇ ಸರಿ.

ಮೊದಲು ಸಡಿಲ ಫ್ರೆಟ್ ಹುಡುಕಬೇಕು. ಎದ್ದಿರುವ ಫ್ರೆಟ್ಟಿನ ಮೇಲೆ ಅರ ಹಾಕಿದರೆ ಅದು ಒತ್ತಡಕ್ಕೆ ಬಗ್ಗಿ, ಕೆಲಸ ಮುಗಿದ ಮೇಲೆ ಮತ್ತೆ ಏಳುತ್ತದೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಸಡಿಲಾದದ್ದು ಪೊಳ್ಳು ಸದ್ದು ಕೊಡುತ್ತದೆ. 11, 16, 17ರ ತುದಿಗಳು ಎದ್ದಿದ್ದವು. ತೆಳು ಸೂಪರ್ ಗ್ಲೂ ಒಂದೊಂದು ಹನಿ ಬಿಟ್ಟು, 184 ಮಿ.ಮೀ. (7.25 ಇಂಚು) ತ್ರಿಜ್ಯದ ಮರದ ಅಚ್ಚಿನಿಂದ ಒತ್ತಿ ಕ್ಲ್ಯಾಂಪ್ ಮಾಡಿದರೆ ಕೂರುತ್ತವೆ. ಗೋಂದು ಬೋರ್ಡಿಗೆ ಹರಿಯದಂತೆ ಅಕ್ಕಪಕ್ಕ ಮೇಣ ಸವರಿರಬೇಕು.

ಎಲ್ಲ ಫ್ರೆಟ್ಟಿನ ತಲೆಗೂ ಕಪ್ಪು ಮಾರ್ಕರ್ ಬಳಿದು, 320ರ ಕಾಗದ ಅಂಟಿಸಿದ 60 ಸೆಂ.ಮೀ. ಅಲ್ಯೂಮಿನಿಯಂ ದಂಡವನ್ನು ಅದರ ಭಾರದಿಂದಲೇ ಓಡಿಸಬೇಕು. ಒತ್ತಬಾರದು. ದಂಡ ತಂತಿಯ ದಾರಿಯಲ್ಲೇ ಹೋಗಲಿ; ಅಡ್ಡಡ್ಡ ಓಡಿಸಿದರೆ ಬೋರ್ಡಿನ ದುಂಡು ಸವೆಯುತ್ತದೆ. 16ರಿಂದ 20ರವರೆಗಿನ ಫ್ರೆಟ್ಟುಗಳ ಮಾರ್ಕರ್ ಮೊದಲ ಎಳೆತಕ್ಕೇ ಮಾಯವಾಯಿತು, 9ರ ಆಸುಪಾಸಿನಲ್ಲಿ ಕಪ್ಪು ಹಾಗೇ ಇತ್ತು. ಬುಡದ ಉಬ್ಬು ಇದೇ. ಶಿಮ್ ಸರಿಪಡಿಸಿದ ಮೇಲೂ ಮರ ಹಿಂದಕ್ಕೆ ಬರಲಿಲ್ಲ, 0.25 ಮಿ.ಮೀ. ಉಳಿದಿತ್ತು. ಆ ಉಬ್ಬಿಗಾಗಿ ಇಡೀ ನೆಕ್ಕಿನ ಫ್ರೆಟ್ ಸವೆಸುವುದು ವ್ಯರ್ಥ. 11ನೇ ಫ್ರೆಟ್ಟಿನ ಮೇಲೆ ಟೇಪಿನ ಪದರಗಳನ್ನಿಟ್ಟು 0.25 ಮಿ.ಮೀ. ಎತ್ತರಿಸಿ, ದಂಡದ ಒಂದು ತುದಿ ಅದರ ಮೇಲೆ, ಇನ್ನೊಂದು 20ರ ಮೇಲೆ ಬರುವಂತಿಟ್ಟು ಕೊನೆಯ ಐದು ಫ್ರೆಟ್ಟನ್ನು ಬೇರೆಯಾಗಿ ಇಳಿಜಾರು ಮಾಡಿದ್ದರಿಂದ ಮೇಲಿನ ಫ್ರೆಟ್ಟುಗಳ ಝರ್ ಸದ್ದು ಪೂರ್ತಿ ಹೋಯಿತು.

ತಲೆ ದುಂಡು ಮಾಡಲು ಡೈಮಂಡ್ ಕ್ರೌನಿಂಗ್ ಅರ. ನಡುವೆ ಕೂದಲೆಳೆಯಷ್ಟು ಮಾರ್ಕರ್ ಗೆರೆ ಉಳಿಯಬೇಕು. ಗೆರೆ ಅಳಿಸಿದರೆ ಎತ್ತರ ಕೆಟ್ಟಿತೆಂದೇ ಅರ್ಥ. ಆಮೇಲೆ 600, 1000, 1500, 2000ರ ಸ್ಯಾಂಡ್‌ಪೇಪರ್. ಕೊನೆಗೆ ಬ್ರಾಸೋ ಹಾಕುವುದಾದರೆ ಬೋರ್ಡನ್ನು ಟೇಪಿನಿಂದ ಸಂಪೂರ್ಣ ಮುಚ್ಚಬೇಕು, ಇಲ್ಲವಾದರೆ ಬೀಟೆಯ ರಂಧ್ರಗಳಲ್ಲಿ ಬಿಳಿ ಪುಡಿ ಕೂತು ಹೋಗುವುದೇ ಇಲ್ಲ. ಸ್ಟೀಲ್ ವುಲ್ ಬಳಸುವವರು ಪಿಕಪ್ ಇರುವ ಮೇಜಿನ ಹತ್ತಿರ ಬಳಸಬೇಡಿ. ಆ ಚೂರುಗಳು ಅಯಸ್ಕಾಂತಕ್ಕೆ ಅಂಟುತ್ತವೆ, ವೈಂಡಿಂಗಿಗೆ ಹಾನಿ ಮಾಡುತ್ತವೆ.

ಬೋರ್ಡಿನ ಜಿಡ್ಡು ತೆಗೆದದ್ದು ಲೈಟರ್ ಫ್ಲೂಯಿಡ್‌ನಿಂದ, ಆಮೇಲೆ ಎರಡು ಹನಿ ಮಿನರಲ್ ಆಯಿಲ್. ಕೊಬ್ಬರಿ ಎಣ್ಣೆ, ಸಾಸಿವೆ ಎಣ್ಣೆ ಯಾವತ್ತೂ ಬೇಡ, ಅಂಟಂಟಾಗುತ್ತವೆ. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ ಪ್ರಪಂಚದ ಗಿಟಾರ್ ಕಾರ್ಖಾನೆಗಳು ನಮ್ಮ ಬೀಟೆಯನ್ನು ಹಿಡಿದವು. ಕೊಡಗು-ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಜಾತಿಯದೇ ಈ ಬೋರ್ಡ್. ಎಣ್ಣೆ ತಾಗಿದೊಡನೆ ನೇರಳೆ-ಕಂದು ಬಣ್ಣ ಎದ್ದು ಬಂತು. ಇಷ್ಟು ಒಳ್ಳೆಯ ತುಂಡಿಗೆ ಕಪ್ಪು ಬಣ್ಣ ಬಳಿಯುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಹಂತ 6: ನಟ್

ಹಳೆಯ ಪ್ಲಾಸ್ಟಿಕ್ ನಟ್ಟಿನ ಗಾಡಿಗಳು ಸವೆದು ಬೋರ್ಡ್ ಮುಟ್ಟುವಂತಿದ್ದವು. ಹೊಸದು ಮೂಳೆಯದು. ಅಗಲ 38.1 ಮಿ.ಮೀ. ಗಾಡಿಗಳ ನಡುವಿನ ದೂರವನ್ನು ತಂತಿಯ ಕೇಂದ್ರದಿಂದ ಸಮ ಮಾಡಬಾರದು, ದಪ್ಪ ತಂತಿಗಳು ಒತ್ತೊತ್ತಾಗಿ ಕಾಣುತ್ತವೆ. ತಂತಿಯ ಅಂಚಿನಿಂದ ಅಂಚಿಗೆ ಸಮ ಮಾಡಬೇಕು. ಎರಡೂ ಬದಿ 3 ಮಿ.ಮೀ. ಬಿಟ್ಟರೆ 45-65-85-105 ಸೆಟ್ಟಿಗೆ ನಡುವಿನ ಪ್ರತಿ ತೆರಪು 8.16 ಮಿ.ಮೀ. ಜಿ ಕಡೆಯ ಅಂಚಿನಿಂದ ಕೇಂದ್ರಗಳು: ಜಿ 3.6, ಡಿ 13.1, ಎ 23.2, ಇ 33.8 ಮಿ.ಮೀ.

ಮೊದಲ ನಟ್ ಎಸೆಯಬೇಕಾಯಿತು. ಇ ಗಾಡಿಯ ತಳ ಪೂರ್ತಿ ಚಪ್ಪಟೆಯಾಗಿತ್ತು. ಬಿಟ್ಟ ತಂತಿ ಮೀಟಿದರೆ ತಂಬೂರಿಯ ಜವಾರಿಯಂತೆ ಗುಂಯ್ಗುಡುತ್ತಿತ್ತು. ಗಾಡಿಯ ತಳ ಹೆಡ್‌ಸ್ಟಾಕಿನ ಕಡೆಗೆ ಇಳಿಜಾರಾಗಿ, ತಂತಿ ನಟ್ಟನ್ನು ಬಿಡುವ ಜಾಗ ಬೋರ್ಡಿನ ಕಡೆಯ ಅಂಚೇ ಆಗಬೇಕು. ಆಳದ ಪರೀಕ್ಷೆ ಸುಲಭ: 2 ಮತ್ತು 3ನೇ ಫ್ರೆಟ್ಟಿನ ನಡುವೆ ತಂತಿ ಒತ್ತಿದಾಗ ಮೊದಲ ಫ್ರೆಟ್ಟಿನ ಮೇಲೆ 0.1ರಿಂದ 0.2 ಮಿ.ಮೀ. ಬೆಳಕು ಕಾಣಬೇಕು.

ಹಂತ 7: ವೈರಿಂಗ್ ಮತ್ತು ಪಿಕಪ್

ಮಲ್ಟಿಮೀಟರಿನಲ್ಲಿ ನೆಕ್ ಪಿಕಪ್ 7.4 ಕಿಲೋಓಮ್, ಬ್ರಿಡ್ಜ್ ಪಿಕಪ್ ಓಪನ್. ಅಂದರೆ ಎಲ್ಲೋ ತಂತಿ ತುಂಡಾಗಿದೆ. ಹೊಸ ಪಿಕಪ್ ಕೊಳ್ಳುವ ಮೊದಲು ಭೂತಗನ್ನಡಿ ಹಿಡಿದು ವೈಂಡಿಂಗ್ ತುದಿಗಳನ್ನು ನೋಡಿ. ಹೆಚ್ಚಾಗಿ ತುಂಡಾಗುವುದು ಐಲೆಟ್ಟಿನ (ವೈಂಡಿಂಗ್ ತುದಿ ಬೆಸೆಯುವ ಲೋಹದ ಉಂಗುರ) ಬೆಸುಗೆಯ ಪಕ್ಕದಲ್ಲೇ. ಇದರಲ್ಲೂ ಹೊರ ಸುತ್ತಿನ ತುದಿ ಹಸಿರು ಕಿಲುಬು ಹಿಡಿದು ಕಳಚಿತ್ತು. ತಂತಿಯ ದಪ್ಪ ಕೇವಲ 0.063 ಮಿ.ಮೀ., ಉಸಿರು ಬಿಟ್ಟರೂ ಹಾರುತ್ತದೆ. ಒಂದು ಸುತ್ತು ಬಿಚ್ಚಿ, ತುದಿಯ 5 ಮಿ.ಮೀ. ವಾರ್ನಿಶನ್ನು 1000ರ ಕಾಗದದ ಮಡಿಕೆಯೊಳಗೆ ಎಳೆದು ತೆಗೆದು, ಐಲೆಟ್ಟಿಗೆ ಎರಡು ಸುತ್ತು ಸುತ್ತಿ ಬೆಸೆದಾಗ ಮೀಟರ್ 7.6 ತೋರಿಸಿತು. ಬೆಸೆದ ಜಾಗಕ್ಕೆ ಮೇಣದ ಹನಿ.

ಎರಡೂ ಪಿಕಪ್ ಒಟ್ಟಿಗೆ ತೆರೆದಾಗ ಸದ್ದು ತೆಳುವಾಗಿ, ಮಂದ್ರವಿಲ್ಲದೆ ಬಂದರೆ ಫೇಸ್ ತಿರುವುಮುರುವಾಗಿದೆ ಎಂದರ್ಥ, ಒಂದರ ಎರಡು ವೈರ್ ಅದಲು ಬದಲು ಮಾಡಬೇಕು. ಇಲ್ಲಿ ಹಾಗಾಗಲಿಲ್ಲ. ಎರಡೂ ಪೂರ್ತಿ ತೆರೆದಾಗ ಹಮ್ ಸದ್ದೂ ಇಳಿಯಿತು. ಜಾಝ್ ಬೇಸ್ ಪಿಕಪ್ಪುಗಳು ಇರಬೇಕಾದದ್ದೇ ಹೀಗೆ.

ಮೂರೂ ಪಾಟ್ ಸವೆದಿದ್ದವು. ಅಮೆರಿಕನ್ ನಮೂನೆಯ ದೊಡ್ಡ ಪಾಟಿಗೆ 9.5 ಮಿ.ಮೀ. ರಂಧ್ರ ಬೇಕು, ಈ ಪ್ಲೇಟಿನಲ್ಲಿರುವುದು 7 ಮಿ.ಮೀ. ಮೂಲ ಪ್ಲೇಟ್ ಕೊರೆಯುವುದಕ್ಕಿಂತ 16 ಮಿ.ಮೀ. ಮಿನಿ ಪಾಟ್ ಹಾಕುವುದು ಲೇಸು: 250ಕೆ, ಆಡಿಯೊ ಟೇಪರ್. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ‘ಎ’ ಗುರುತಿನ ಪಾಟ್ ಎಂದು ಕೇಳಿ, ಕೊಳ್ಳುವಾಗಲೇ ಮೀಟರ್ ಇಟ್ಟು ನೋಡಿ, ಶೇ. 20ರಷ್ಟು ಹೆಚ್ಚು ಕಡಿಮೆ ಮಾಮೂಲು, 220ರಿಂದ 270ರವರೆಗಿನದನ್ನು ಆರಿಸಿಕೊಳ್ಳಿ. ಟೋನಿಗೆ 473 ಎಂದು ಬರೆದ 0.047 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್. ದುಬಾರಿ ‘ವಿಂಟೇಜ್’ ಕೆಪಾಸಿಟರಿಗೆ ಕೊಡುವ ಹಣ ಒಳ್ಳೆಯ ತಂತಿಗೆ ಹೋಗಲಿ.

ಗುಂಡಿಗಳಿಗೆ ತಾಮ್ರದ ಟೇಪ್ ಹಾಸಿ, ಜೋಡಣೆಗಳಿಗೆ ಚುಕ್ಕಿ ಬೆಸುಗೆ ಹಾಕಿ, ಯಾವ ಮೂಲೆಯಿಂದ ಯಾವ ಮೂಲೆಗೂ 1 ಓಮ್ ಒಳಗೆ ಬರುವುದನ್ನು ನೋಡಬೇಕು. ಬ್ರಿಡ್ಜಿನ ಅಡಿಗೆ ಹೋಗುವ ಅರ್ತ್ ವೈರ್ ಮರೆಯಬಾರದು. ಜ್ಯಾಕಿನ ತುದಿಯ ಕಾಲು ಟೇಪಿಗೆ ತಾಗಿದರೆ ಸದ್ದೇ ಬರುವುದಿಲ್ಲ, ಆ ಮೂಲೆಗೆ ಇನ್ಸುಲೇಶನ್ ಟೇಪ್ ಅಂಟಿಸಿ.

ಹಂತ 8: ಸೆಟಪ್

ಹೊಸ 45-105 ನಿಕಲ್ ತಂತಿ, ಶ್ರುತಿ ಏರಿಸಿ ಒಂದು ದಿನ ಬಿಟ್ಟು ಅಳತೆ. ನೆಕ್ಕಿನ ಬಾಗು 0.35. 17ನೇ ಫ್ರೆಟ್ಟಿನಲ್ಲಿ ಇ 2.6, ಜಿ 2.2 ಮಿ.ಮೀ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಿಕಪ್ಪಿಗೂ ಅಂತರ ಇ ಕಡೆ 3.2, ಜಿ ಕಡೆ 2.4, ಇನ್ನೂ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನು ಎಳೆದು ಶ್ರುತಿ ಅಲುಗಾಡುತ್ತದೆ. 12ನೇ ಫ್ರೆಟ್ಟಿನ ಹಾರ್ಮೋನಿಕ್ ಮತ್ತು ಒತ್ತಿದ ಸ್ವರ ಕೂಡುವಂತೆ ಹೊಂದಿಸಿದಾಗ ಇ ಸ್ಯಾಡಲ್ ಜಿಗಿಂತ 5 ಮಿ.ಮೀ. ಹಿಂದೆ ನಿಂತಿತು. ಸ್ಯಾಡಲ್‌ಗಳಿಗೆ ಈಗ ಕೆಳಗೂ ಮೇಲೂ ಓಡಾಡಲು ಜಾಗವಿದೆ.

ಸರಿಯಾಗದೆ ಉಳಿದದ್ದು ಒಂದು. ಜಿ ತಂತಿಯ 6ನೇ ಫ್ರೆಟ್ಟಿನಲ್ಲಿ ಸ್ವರ ಬೇಗ ಸಾಯುತ್ತದೆ. ಬೋಲ್ಟ್ ನೆಕ್ಕಿನ ಈ ಜಾತಿಯ ಬೇಸುಗಳಲ್ಲಿ 5ರಿಂದ 7ರವರೆಗೆ ಇದು ಸಾಮಾನ್ಯ, ಫ್ರೆಟ್ಟಿನ ದೋಷವಲ್ಲ. ನೆಕ್ ತಾನೇ ಆ ಸ್ವರಕ್ಕೆ ಕಂಪಿಸಿ ತಂತಿಯ ಶಕ್ತಿ ಹೀರುತ್ತದೆ. ಹೆಡ್‌ಸ್ಟಾಕಿಗೆ ಸಣ್ಣ ಸಿ-ಕ್ಲ್ಯಾಂಪ್ ಕಚ್ಚಿಸಿದಾಗ ಸತ್ತ ಜಾಗ 5ನೇ ಫ್ರೆಟ್ಟಿಗೆ ಸರಿಯಿತು, ಹೋಗಲಿಲ್ಲ. 5ನೆಯದು ಹೆಚ್ಚು ನುಡಿಸುವ ಜಾಗವಾದ್ದರಿಂದ ಕ್ಲ್ಯಾಂಪ್ ತೆಗೆದು ಇದ್ದ ಹಾಗೇ ಬಿಡಲಾಗಿದೆ.

ಬಣ್ಣ ಮುಟ್ಟಿಲ್ಲ. ದಪ್ಪ ಪಾಲಿಯೆಸ್ಟರ್ ಪದರದಲ್ಲಿ ಮೂರು ಕಡೆ ಚಕ್ಕೆ ಎದ್ದಿದೆ, ಅಂಚುಗಳು ಗಟ್ಟಿಯಾಗಿಯೇ ಇವೆ.

ಖರ್ಚು: ತಂತಿ 2,400, ಮೂಳೆ ನಟ್ 250, ಪಾಟ್ ಮೂರಕ್ಕೆ 360, ಕೆಪಾಸಿಟರ್ 15, ಜ್ಯಾಕ್ 150, ತಾಮ್ರದ ಟೇಪ್ 380, ಮೇಪಲ್ ತುಂಡು ಮತ್ತು ವೆನಿರ್ 300, ಸ್ಕ್ರೂ-ವಾಷರ್ 120, ಸ್ಯಾಂಡ್‌ಪೇಪರ್ ಮತ್ತು ಗೋಂದು 350. ಒಟ್ಟು 4,325 ರೂಪಾಯಿ, ಉಪಕರಣಗಳ ಬೆಲೆ ಬಿಟ್ಟು. ಬೇಸ್ ಇರುವುದು ಮಂಗಳೂರಿನಲ್ಲಾದ್ದರಿಂದ ಮಳೆಗಾಲ ಹಿಡಿದ ಮೇಲೆ ನೆಕ್ಕಿನ ಬಾಗನ್ನು ಮತ್ತೊಮ್ಮೆ ಅಳೆಯಬೇಕು. 0.5 ದಾಟಿದ್ದರೆ ರಾಡ್ ನಟ್ಟಿಗೆ ಎಂಟನೇ ಒಂದು ಸುತ್ತು.